ಕೈ ಬದಲಿಸಿದ ಚಿಕ್ಕ ಕಾರು, ಅಲೀಪುರದ ದಾರಿ

ಹರಳಿನ ಕೆಲಸಕ್ಕೆ ಹೆಸರಾದ ಅಲೀಪುರದಿಂದ ಬೆಂಗಳೂರಿಗೆ ಸುಮಾರು 75 ಕಿಲೋಮೀಟರ್. ಹೋಗಿಬರುವುದಕ್ಕೆ 150. ವರ್ಷಕ್ಕೆ 300 ದಿನ ಹೀಗೆ ಓಡಾಡಿದರೆ 45,000 ಕಿಲೋಮೀಟರ್ ಆಗುತ್ತದೆ. ಹೊಸ ಕಾರು ತಂದರೂ ಎರಡೂಕಾಲು ವರ್ಷಕ್ಕೆ ಮೀಟರು ಲಕ್ಷ ತೋರಿಸುತ್ತದೆ. ಇಷ್ಟು ಬೇಗ ಸವೆಯುವ ಗಾಡಿಗೆ ಹೊಸದರ ಬೆಲೆ ಕೊಡುವುದು ಸಂಬಳದವರ ಲೆಕ್ಕಕ್ಕೆ ಒಗ್ಗುವುದಿಲ್ಲ. ಹಾಗಾಗಿ ಗೌರಿಬಿದನೂರು, ಚಿಕ್ಕಬಳ್ಳಾಪುರ, ಶಿಡ್ಲಘಟ್ಟ, ಚಿಂತಾಮಣಿಯಂಥ ಊರುಗಳಿಂದ ದೂರದ ಕೆಲಸಕ್ಕೆ ಹೋಗುವವರಿಗೆ ಸೆಕೆಂಡ್ ಹ್ಯಾಂಡ್ ಚಿಕ್ಕ ಕಾರೇ ಸರಿಯಾದ ಆಯ್ಕೆ. ಯಾವ ಕಾರನ್ನು ನಂಬಬಹುದು ಎಂಬ ಪ್ರಶ್ನೆಗೆ ಕಳೆದ ನಲವತ್ತು ವರ್ಷಗಳ ಚರಿತ್ರೆ ಒಂದು ಉತ್ತರ ಕೊಡುತ್ತದೆ: ಯಾವ ಗಾಡಿಯ ಬಗ್ಗೆ ಹೆಚ್ಚು ಜನಕ್ಕೆ ಹೆಚ್ಚು ಗೊತ್ತಿದೆಯೋ ಅದನ್ನು.

1983ಕ್ಕೆ ಮುಂಚೆ ಕೊಳ್ಳುವವರಿಗೆ ಆಯ್ಕೆಯೇ ಇರಲಿಲ್ಲ. ಅಂಬಾಸಿಡರ್, ಇಲ್ಲವೇ ಪ್ರೀಮಿಯರ್ ಪದ್ಮಿನಿ. ಹೊಸದಕ್ಕೆ ವರ್ಷಗಟ್ಟಲೆ ಕಾಯಬೇಕು. ಆ ವರ್ಷದ ಡಿಸೆಂಬರ್ 14ರಂದು ಮೊದಲ ಮಾರುತಿ 800ರ ಕೀಲಿಯನ್ನು ಇಂದಿರಾ ಗಾಂಧಿ ಹಸ್ತಾಂತರಿಸಿದರು. ಬೆಲೆ ಸುಮಾರು 47,500 ರೂಪಾಯಿ. ಮೂರು ಸಿಲಿಂಡರಿನ 796 ಸಿಸಿ ಎಂಜಿನ್. ಮರುವರ್ಷ ಬಂದ ಮಾರುತಿ ವ್ಯಾನು, ಅಂದರೆ ಮುಂದೆ ಓಮ್ನಿ ಎಂದು ಹೆಸರಾದ ಗಾಡಿ, ಅದೇ 796 ಸಿಸಿ ಎಂಜಿನ್ ಹೊತ್ತಿತ್ತು. 2000ದಲ್ಲಿ ಬಂದ ಆಲ್ಟೊ ಕೂಡ ಅದೇ ವಂಶದ್ದು. ನನ್ನ ವಾದಕ್ಕೆ ದೊಡ್ಡ ಆಧಾರ ಇದೇ. ತಾಲ್ಲೂಕು ಕೇಂದ್ರದ ಮೆಕ್ಯಾನಿಕ್ ಒಂದು ಎಂಜಿನ್ ಕಲಿತರೆ ಮೂರು ಗಾಡಿ ಕಲಿತಂತೆ. ಅಂಗಡಿಯವನು ಒಂದೇ ಬಗೆಯ ಸಾಮಾನು ತಂದಿಟ್ಟರೆ ಮೂರಕ್ಕೂ ಗಿರಾಕಿ ಸಿಗುತ್ತಾನೆ. 2014ರ ಜನವರಿಯಲ್ಲಿ ತಯಾರಿಕೆ ನಿಲ್ಲುವ ಹೊತ್ತಿಗೆ ದೇಶದಲ್ಲಿ 25 ಲಕ್ಷಕ್ಕೂ ಹೆಚ್ಚು ಮಾರುತಿ 800 ಮಾರಾಟವಾಗಿದ್ದವು. ನಡುದಾರಿಯಲ್ಲಿ ಕ್ಲಚ್ ಕೇಬಲ್ ಕಿತ್ತರೆ ದೊಡ್ಡಬಳ್ಳಾಪುರದಲ್ಲೇ ಸಿಗುತ್ತದೆ ಎಂಬ ಧೈರ್ಯ ಹುಟ್ಟಿದ್ದು ಈ ಸಂಖ್ಯೆಯಿಂದ.

ಅಂಬಾಸಿಡರ್ ಕೂಡ ಎಲ್ಲ ಮೆಕ್ಯಾನಿಕ್‌ಗಳಿಗೂ ಗೊತ್ತಿತ್ತಲ್ಲ, ಅದನ್ನೇಕೆ ದಿನದ ದೂರದ ಓಡಾಟಕ್ಕೆ ನಂಬಲಿಲ್ಲ ಎಂದು ಕೇಳಬಹುದು. ನ್ಯಾಯವಾದ ಪ್ರಶ್ನೆ. ರಿಪೇರಿ ಸುಲಭವಾಗಿರುವುದು ಬೇರೆ, ರಿಪೇರಿ ಅಪರೂಪವಾಗಿರುವುದು ಬೇರೆ. ದಿನವೂ ಎಂಟು ಗಂಟೆಗೆ ಹಾಜರಿ ಹಾಕಬೇಕಾದವರಿಗೆ ಎರಡೂ ಬೇಕು. ಮಾರುತಿಗೆ ಬಂದ ಜಪಾನಿನ ಸುಜುಕಿ ಕಂಪನಿಯ ತಂತ್ರಜ್ಞಾನದ ಜೊತೆ ದೊಡ್ಡ ಸಂಖ್ಯೆ ಸೇರಿದಾಗಲೇ ಅವೆರಡೂ ಒಂದೇ ಗಾಡಿಯಲ್ಲಿ ಸಿಕ್ಕವು.

ಇನ್ನೊಂದು ಆಕ್ಷೇಪ ಇದಕ್ಕಿಂತ ಗಟ್ಟಿ. 1999ರ ಏಪ್ರಿಲ್‌ನಲ್ಲಿ ಸುಪ್ರೀಂ ಕೋರ್ಟ್ ದೆಹಲಿ ಸುತ್ತಮುತ್ತ ಹೊಗೆ ನಿಯಂತ್ರಣದ ಯೂರೋ ಮಾನದಂಡವನ್ನು ಕಡ್ಡಾಯ ಮಾಡಿದ ಮೇಲೆ ಕಾರ್ಬೊರೇಟರಿನ ಕಾಲ ಮುಗಿಯತೊಡಗಿತು. ಎಂಪಿಎಫ್‌ಐ ಎಂಬ ಇಂಧನ ಚಿಮ್ಮಿಸುವ ವ್ಯವಸ್ಥೆ ಬಂತು, ಎಂಜಿನ್ನಿನ ಹಿಡಿತ ಕಂಪ್ಯೂಟರಿನ ಕೈಗೆ ಹೋಯಿತು. 2010ರ ಏಪ್ರಿಲ್‌ನಿಂದ ಬೆಂಗಳೂರು ಸೇರಿ 13 ನಗರಗಳಲ್ಲಿ ಬಿಎಸ್-4 ಎಂಬ ಇನ್ನೂ ಬಿಗಿಯಾದ ಹೊಗೆ ಮಾನದಂಡ ಜಾರಿಯಾದಾಗ ಮಾರುತಿ 800 ಆ ನಗರಗಳ ಷೋರೂಮಿನಿಂದಲೇ ಮರೆಯಾಯಿತು. ಹಾಗಾದರೆ ಕಿವಿಗೊಟ್ಟು ಕೇಳಿ ಎಂಜಿನ್ನಿನ ರೋಗ ಹೇಳುತ್ತಿದ್ದ ಮೆಕ್ಯಾನಿಕ್‌ನ ತಿಳಿವಳಿಕೆ ವ್ಯರ್ಥವಾಯಿತೇ? ಸ್ವಲ್ಪ ಮಟ್ಟಿಗೆ ಆಯಿತು, ಒಪ್ಪಬೇಕು. ಆದರೆ ಅದೇ ಕಂಪ್ಯೂಟರು ತನ್ನ ದೋಷವನ್ನು ತಾನೇ ಬರೆದಿಡುತ್ತದೆ. ಸ್ಕ್ಯಾನರ್ ಚುಚ್ಚಿದರೆ ಮಾರುವವರು ಹೇಳದೇ ಬಿಟ್ಟದ್ದೂ ಎಷ್ಟೋ ಸಲ ಹೊರಬರುತ್ತದೆ. ಸರ್ವಿಸ್ ದಾಖಲೆ ಇಟ್ಟ ಗಾಡಿಯಾದರೆ ಮೀಟರ್ ಹಿಂದಕ್ಕೆ ತಿರುಗಿಸಿದ ಮೋಸವೂ ಸಿಕ್ಕಿಬೀಳುತ್ತದೆ. ಕಡಿಮೆ ಕಿಲೋಮೀಟರ್ ಎಂಬ ಒಂದೇ ಮಾತಿಗೆ ಮರುಳಾಗಬಾರದು ಎನ್ನುವುದೂ ಇದಕ್ಕೇ. ಬೆಂಗಳೂರಿನ ಸಿಗ್ನಲ್‌ಗಳಲ್ಲಿ ಕ್ಲಚ್ ತುಳಿಯುತ್ತ 40,000 ಓಡಿದ ಕಾರಿಗಿಂತ, ಹೆದ್ದಾರಿಯಲ್ಲಿ ಒಂದೇ ವೇಗದಲ್ಲಿ 80,000 ಓಡಿ, ಹೊತ್ತಿಗೆ ಸರಿಯಾಗಿ ಆಯಿಲ್ ಬದಲಾಯಿಸಿಕೊಂಡ ಕಾರು ಎಷ್ಟೋ ಸಲ ಮೇಲು.

ರೈಲಿದೆಯಲ್ಲ ಎನ್ನುವವರೂ ಇದ್ದಾರೆ. ಅಲೀಪುರದ ಪಕ್ಕದ ತೊಂಡೇಭಾವಿಯಲ್ಲಿ, ಗೌರಿಬಿದನೂರಿನಲ್ಲಿ ನಿಲ್ದಾಣಗಳಿವೆ, ನಿಜ. ಹೊತ್ತು ಹೊಂದುವವರು ರೈಲನ್ನೇ ಹಿಡಿಯಲಿ. ಆದರೆ ಚಿಂತಾಮಣಿ, ಶಿಡ್ಲಘಟ್ಟದ ನ್ಯಾರೋಗೇಜ್ ದಾರಿಗೆ ಬ್ರಾಡ್‌ಗೇಜ್ ಬಂದದ್ದು 2013ರಲ್ಲಿ. ಅದಕ್ಕೂ ಮೊದಲೇ, 2008ರ ಮೇ ತಿಂಗಳಲ್ಲಿ, ದೇವನಹಳ್ಳಿಯ ವಿಮಾನ ನಿಲ್ದಾಣ ಆರಂಭವಾಗಿ ಪಾಳಿ ಕೆಲಸವನ್ನು ಚಿಕ್ಕಬಳ್ಳಾಪುರ ಜಿಲ್ಲೆಯ ಬಾಗಿಲಿಗೇ ತಂದಿತ್ತು. ನಡುರಾತ್ರಿ ಪಾಳಿ ಮುಗಿಸಿ ಹೊರಟವರಿಗೆ ಸ್ವಂತ ಗಾಡಿಯೇ ಗತಿ.

ನನ್ನ ವಾದ ತಲೆಬಾಗಬೇಕಾದ ಜಾಗ ಒಂದಿದೆ. ಹೆಚ್ಚು ಮಾರಾಟವಾದ ಕಾರು ಜೀವ ಉಳಿಸುವ ಕಾರು ಆಗಿರಬೇಕೆಂದಿಲ್ಲ. 2014ರಲ್ಲಿ ಗ್ಲೋಬಲ್ ಎನ್‌ಕ್ಯಾಪ್ ಸಂಸ್ಥೆ ಡಿಕ್ಕಿ ಪರೀಕ್ಷೆಗೆ ಒಡ್ಡಿದಾಗ, ಏರ್‌ಬ್ಯಾಗ್ ಇಲ್ಲದ ಆಲ್ಟೊ 800 ದೊಡ್ಡವರ ರಕ್ಷಣೆಯಲ್ಲಿ ಸೊನ್ನೆ ನಕ್ಷತ್ರ ಪಡೆಯಿತು. ಎಬಿಎಸ್ ಎಲ್ಲ ಹೊಸ ಕಾರುಗಳಿಗೂ ಕಡ್ಡಾಯವಾದದ್ದು 2019ರ ಏಪ್ರಿಲ್‌ನಲ್ಲಿ, ಚಾಲಕನ ಏರ್‌ಬ್ಯಾಗ್ ಜುಲೈನಲ್ಲಿ. ದಿನಕ್ಕೆ 150 ಕಿಲೋಮೀಟರ್ ಹೆದ್ದಾರಿಯಲ್ಲಿ ಕಳೆಯುವವರು ಈ ತಾರೀಖನ್ನು ಗೆರೆಯೆಂದೇ ತಿಳಿಯಬೇಕು. 2019ರ ಜುಲೈ ನಂತರ ತಯಾರಾದ, ಹೆಚ್ಚು ಸಂಖ್ಯೆಯಲ್ಲಿ ಮಾರಾಟವಾದ, ಸರ್ವಿಸ್ ದಾಖಲೆ ಪೂರ್ತಿ ಇರುವ ಪೆಟ್ರೋಲ್ ಕಾರನ್ನು ಹುಡುಕಲಿ. ಇನ್ನೂ ಹಳೆಯದು ಅಗ್ಗಕ್ಕೆ ಸಿಗುತ್ತದೆಂದು ಆಸೆಪಡುವುದು ಬೇಡ.

ಕೊನೆಗೆ ಕಾಗದದ ಮಾತು. ಸಹಿ ಹಾಕಿದ ಮಾಲೀಕತ್ವ ವರ್ಗಾವಣೆಯ ಫಾರಂ 29, 30 ಬ್ರೋಕರ್ ಕೈಯಲ್ಲೇ ಉಳಿದು, ಗಾಡಿ ಮಾತ್ರ ಕೈಯಿಂದ ಕೈಗೆ ಹೋಗುವುದು ಈ ವ್ಯಾಪಾರದ ಹಳೆಯ ಚಾಳಿ. 2018ರಲ್ಲಿ ನವೀನ್ ಕುಮಾರ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಸ್ಪಷ್ಟವಾಗಿ ಹೇಳಿತು: ಗಾಡಿ ಎಷ್ಟೇ ಕೈ ಬದಲಿಸಿರಲಿ, ಅಪಘಾತದ ಪರಿಹಾರಕ್ಕೆ ಹೊಣೆ ಆರ್‌ಸಿಯಲ್ಲಿ ಹೆಸರಿರುವ ಮಾಲೀಕನದೇ. ಆದ್ದರಿಂದ ಮಾರುವವರೇ ಆಗಲಿ ಕೊಳ್ಳುವವರೇ ಆಗಲಿ, ಹಣ ಕೈಗೆ ಬಂತು, ಗಾಡಿ ಮನೆಗೆ ಬಂತು ಎಂದು ಸುಮ್ಮನಿರಬೇಡಿ. ಆರ್‌ಸಿಯಲ್ಲಿ ಹೆಸರು ಬದಲಾದದ್ದನ್ನು ಕಣ್ಣಾರೆ ನೋಡಿಕೊಳ್ಳಿ.