ಗಡಿ ದಾಟಿದ ಮದುವೆ ಮತ್ತು ನ್ಯಾಯಾಲಯಗಳು

ಗಟ್ಟು, ಗದ್ವಾಲ, ಮಕ್ತಲ್, ನಾರಾಯಣಪೇಟೆಗಳ ಕನ್ನಡ ಮನೆಗಳಲ್ಲಿ ಸಂಬಂಧ ಬೆಳೆಸುವಾಗ ಮನೆತನ ಕೇಳುತ್ತೇವೆ, ಬೆಡಗು ಕೇಳುತ್ತೇವೆ. ಹೆಣ್ಣು ಯಾವ ರಾಜ್ಯದವಳೆಂದು ಕೇಳುವ ರೂಢಿ ನಮ್ಮಲ್ಲಿಲ್ಲ. ಸೊಸೆ ರಾಯಚೂರಿನಿಂದ ಬರುತ್ತಾಳೆ, ಮಗಳು ದೇವದುರ್ಗಕ್ಕೋ ಯಾದಗಿರಿಗೋ ಹೋಗುತ್ತಾಳೆ. 1956ರ ನವೆಂಬರ್ 1ರವರೆಗೆ ಗದ್ವಾಲ ಮತ್ತು ಆಲಂಪುರ ತಾಲೂಕುಗಳು ರಾಯಚೂರು ಜಿಲ್ಲೆಯವೇ ಆಗಿದ್ದವು. ರಾಜ್ಯ ಪುನರ್ವಿಂಗಡಣಾ ಕಾಯಿದೆ ಇವೆರಡನ್ನೂ ಹೆಸರಿಸಿ ಆಂಧ್ರಪ್ರದೇಶಕ್ಕೆ ಸೇರಿಸಿತು; ರಾಯಚೂರು ಮೈಸೂರು ರಾಜ್ಯಕ್ಕೆ ಹೋಯಿತು. ಒಂದೇ ಜಿಲ್ಲೆಯೊಳಗೆ ನಡೆದಿದ್ದ ಮದುವೆಗಳು ಬೆಳಗಾಗುವುದರೊಳಗೆ ಎರಡು ರಾಜ್ಯಗಳ ನಡುವಣ ಮದುವೆಗಳಾದವು. ಆದರೂ ಒಂದು ತಾಳಿಯ ಮಾನ್ಯತೆಗೂ ಅದರಿಂದ ಕುಂದು ಬರಲಿಲ್ಲ.

ಇದು ಸಹಜವೆಂದು ನಮಗೆ ತೋರುತ್ತದೆ. ಆದರೆ ಅದಕ್ಕೆ ಹತ್ತು ವರ್ಷ ಹಿಂದೆ ಹೋದರೆ ಚಿತ್ರ ಬೇರೆ. ನಮ್ಮ ಸೀಮೆ ಆಗ ನಿಜಾಮರ ಹೈದರಾಬಾದ್ ಸಂಸ್ಥಾನದಲ್ಲಿತ್ತು. ಕೃಷ್ಣೆಯಾಚೆಯ ವಿಜಾಪುರ ಜಿಲ್ಲೆ ಮುಂಬಯಿ ಪ್ರಾಂತ್ಯದ್ದು. ತುಂಗಭದ್ರೆಯಾಚೆಯ ಕರ್ನೂಲು ಮದರಾಸು ಪ್ರಾಂತ್ಯದ್ದು. ಹಿಂದೂ ಗಂಡಸು ಹೆಂಡತಿ ಬದುಕಿರುವಾಗ ಇನ್ನೊಬ್ಬಳನ್ನು ಕಟ್ಟಿಕೊಳ್ಳುವುದನ್ನು ಮುಂಬಯಿ 1946ರಲ್ಲಿ, ಮದರಾಸು 1949ರಲ್ಲಿ ಕಾಯಿದೆ ಮಾಡಿ ನಿಷೇಧಿಸಿದವು. ಹೈದರಾಬಾದಿನಲ್ಲಿ ಅಂಥ ಕಾಯಿದೆ ಇರಲಿಲ್ಲ. 1955ರ ಹಿಂದೂ ವಿವಾಹ ಕಾಯಿದೆ ತಾನು ರದ್ದುಗೊಳಿಸುವ ಪ್ರಾಂತೀಯ ಕಾಯಿದೆಗಳ ಪಟ್ಟಿಯನ್ನು ಕೊಡುತ್ತದೆ. ಅದರಲ್ಲಿ ಮುಂಬಯಿ, ಮದರಾಸು, ಸೌರಾಷ್ಟ್ರಗಳ ಹೆಸರಿದೆ, ಹೈದರಾಬಾದಿನ ಹೆಸರಿಲ್ಲ. ಅಂದರೆ ಕೆಲವು ವರ್ಷಗಳ ಕಾಲ ಹೊಳೆಯ ಒಂದು ದಡದಲ್ಲಿ ಶೂನ್ಯವಾದ ಎರಡನೆಯ ಮದುವೆ ಇನ್ನೊಂದು ದಡದಲ್ಲಿ ಸಲ್ಲುತ್ತಿತ್ತು.

ದೋಣಿ ಹತ್ತಿ ಈಚೆಗೆ ಬಂದು ತಾಳಿ ಕಟ್ಟಿ ಮರಳಿದರೆ? ಮುಂಬಯಿಯ ಶಾಸಕರು ಈ ಉಪಾಯವನ್ನು ಮೊದಲೇ ಊಹಿಸಿದ್ದರು. ಪ್ರಾಂತ್ಯದಲ್ಲಿ ನೆಲೆಸಿದವರು ಹೊರಗೆ ಹೋಗಿ ಇಂಥ ಮದುವೆ ಮಾಡಿಕೊಂಡರೂ ಅದು ಶೂನ್ಯವೆಂದು ಕಾಯಿದೆಯಲ್ಲೇ ಬರೆದರು. 1951ರಲ್ಲಿ ನರಸು ಅಪ್ಪ ಮಾಲಿ ಮೊಕದ್ದಮೆಯಲ್ಲಿ ಛಾಗ್ಲಾ ಮತ್ತು ಗಜೇಂದ್ರಗಡ್ಕರ್ ಅವರ ಪೀಠ ಈ ಕಾಯಿದೆಯನ್ನು ಎತ್ತಿಹಿಡಿಯಿತು. ಇಲ್ಲಿ ಗಮನಿಸಬೇಕಾದುದು, ಗಡಿಯಾಚೆಯ ಮದುವೆಯನ್ನು ನಿರಾಕರಿಸಲು ಸರ್ಕಾರಕ್ಕೆ ಒಂದು ಕಾರಣವಿತ್ತೆಂಬುದು: ಮೊದಲ ಹೆಂಡತಿಯ ರಕ್ಷಣೆ. ನಿರಾಕರಣೆಯೆಲ್ಲವೂ ಅನ್ಯಾಯವೆಂದು ನಾವು ಹೇಳುವುದಿಲ್ಲ. ನಿರಾಕರಿಸಿದರೆ ಯಾರಿಗೆ ರಕ್ಷಣೆ, ಯಾರಿಗೆ ನಷ್ಟ ಎಂದು ಪ್ರತಿಸಲವೂ ಕೇಳಬೇಕಾಗುತ್ತದೆ.

ನಮ್ಮ ಮಕ್ಕಳು, ಮೊಮ್ಮಕ್ಕಳು ಈಗ ನೆಲೆಸಿರುವ ಅಮೆರಿಕದಲ್ಲಿ ಮದುವೆಯ ಕಾನೂನು ಇಂದಿಗೂ ರಾಜ್ಯ ರಾಜ್ಯಕ್ಕೆ ಬೇರೆ. ಅಲ್ಲಿಯ ನ್ಯಾಯಾಲಯಗಳ ಹಳೆಯ ಸೂತ್ರ ಸರಳವಾದುದು: ನಡೆದಲ್ಲಿ ಸಲ್ಲುವ ಮದುವೆ ಎಲ್ಲೆಡೆಯೂ ಸಲ್ಲುತ್ತದೆ. ಈ ಸೂತ್ರವನ್ನು ಗಟ್ಟಿಗೊಳಿಸಿದ ಒಂದು ತೀರ್ಪು ನಮ್ಮ ಕಡೆಯವರಿಗೆ ಆಪ್ತವೆನಿಸೀತು. 1913ರಲ್ಲಿ ನ್ಯೂಯಾರ್ಕ್ ರಾಜ್ಯದ ಯಹೂದಿ ಜೋಡಿಯೊಂದು ರೋಡ್ ಐಲೆಂಡಿಗೆ ಹೋಗಿ ಮದುವೆಯಾಗಿ ಮರಳಿತು. ವರನು ವಧುವಿಗೆ ಮಲಸಂಬಂಧದಲ್ಲಿ ‘ಅಂಕಲ್’. (ಸೋದರಮಾವನಿಗೂ ಚಿಕ್ಕಪ್ಪನಿಗೂ ನಾವು ಕಾಣುವ ಭೂಮಿ-ಆಕಾಶದ ಅಂತರವನ್ನು ಆ ಭಾಷೆ ಒಂದೇ ಪದದಲ್ಲಿ ನುಂಗಿಬಿಡುತ್ತದೆ.) ನ್ಯೂಯಾರ್ಕಿನಲ್ಲಿ ಅಂಥ ಮದುವೆ ನಿಷಿದ್ಧ, ರೋಡ್ ಐಲೆಂಡ್ ಯಹೂದಿಗಳ ಆಚಾರಕ್ಕೆ ವಿನಾಯಿತಿ ಕೊಟ್ಟಿತ್ತು. ದಂಪತಿಗಳು 32 ವರ್ಷ ಸಂಸಾರ ಮಾಡಿ ಆರು ಮಕ್ಕಳನ್ನು ಬೆಳೆಸಿದರು. 1945ರಲ್ಲಿ ಹೆಂಡತಿ ತೀರಿಕೊಂಡಾಗ, ಆಸ್ತಿಯ ಆಡಳಿತ ಯಾರದೆಂಬ ವ್ಯಾಜ್ಯದಲ್ಲಿ ಮಗಳೊಬ್ಬಳು ತಂದೆಯು ತಾಯಿಗೆ ಕಾನೂನುಬದ್ಧ ಗಂಡನೇ ಅಲ್ಲವೆಂದು ವಾದಿಸಿದಳು. 1953ರಲ್ಲಿ ನ್ಯೂಯಾರ್ಕಿನ ಅತ್ಯುಚ್ಚ ನ್ಯಾಯಾಲಯ ತಂದೆಯ ಪರವಾಗಿ ತೀರ್ಪಿತ್ತಿತು. ಅಕ್ಕನ ಮಗಳನ್ನು ತರುವ ಪದ್ಧತಿಯನ್ನು ನಮ್ಮ ಹಿಂದೂ ವಿವಾಹ ಕಾಯಿದೆಯೂ ಆಚಾರವಿದ್ದವರಿಗೆ ಉಳಿಸಿಕೊಟ್ಟಿದೆ. ಆದ್ದರಿಂದ ಈ ತೀರ್ಪಿನ ಬೆಲೆಯನ್ನು ನಮಗೆ ಬಿಡಿಸಿ ಹೇಳಬೇಕಾಗಿಲ್ಲ.

ಐವತ್ತೈದು ವರ್ಷಗಳ ನಂತರ ಇದೇ ತೀರ್ಪು ಮತ್ತೆ ಕೆಲಸಕ್ಕೆ ಬಂತು. ಕೆನಡಾದಲ್ಲಿ ಮದುವೆಯಾಗಿದ್ದ ಇಬ್ಬರು ಮಹಿಳೆಯರಲ್ಲಿ ಒಬ್ಬರು ನ್ಯೂಯಾರ್ಕಿನ ಕಾಲೇಜೊಂದರ ನೌಕರರು. ಸಂಗಾತಿಗೆ ಆರೋಗ್ಯ ವಿಮೆ ಕೇಳಿದಾಗ ಕಾಲೇಜು ಕೊಡಲಿಲ್ಲ. ಸಲಿಂಗ ವಿವಾಹ ನ್ಯೂಯಾರ್ಕಿನಲ್ಲಿ ಇನ್ನೂ ನಡೆಯುವಂತಿರಲಿಲ್ಲ. ಆದರೂ 2008ರಲ್ಲಿ ಅಲ್ಲಿಯ ಮೇಲ್ಮನವಿ ನ್ಯಾಯಾಲಯ, ನಡೆದಲ್ಲಿ ಸಲ್ಲಿದ ಮದುವೆ ಇಲ್ಲಿಯೂ ಸಲ್ಲಬೇಕೆಂದಿತು. ಯಹೂದಿ ದಂಪತಿಗಳ ಆಸ್ತಿವ್ಯಾಜ್ಯ ಹೀಗೆ ಈ ಮಹಿಳೆಯರಿಗೆ ಆಧಾರವಾಯಿತು.

ಎಲ್ಲ ರಾಜ್ಯಗಳೂ ಹೀಗೆ ನಡೆದುಕೊಳ್ಳಲಿಲ್ಲ. ಬೇರೆ ರಾಜ್ಯದ ಸಲಿಂಗ ವಿವಾಹವನ್ನು ಒಪ್ಪಬೇಕಾಗಿಲ್ಲವೆಂದು ಅಮೆರಿಕದ ಸಂಸತ್ತು 1996ರಲ್ಲಿ ಕಾಯಿದೆ ಮಾಡಿತ್ತು. ಓಹಿಯೋದ ಇಬ್ಬರು ಗಂಡಸರು, ಅವರಲ್ಲೊಬ್ಬರು ಮರಣಶಯ್ಯೆಯಲ್ಲಿದ್ದವರು, 2013ರ ಜುಲೈನಲ್ಲಿ ವೈದ್ಯಕೀಯ ವಿಮಾನದಲ್ಲಿ ಮೇರಿಲ್ಯಾಂಡಿಗೆ ಹೋಗಿ, ವಿಮಾನ ನಿಲ್ದಾಣದಲ್ಲಿ ವಿಮಾನದೊಳಗೇ ಮದುವೆಯಾಗಿ ಊರಿಗೆ ಮರಳಿದರು. ಅವರ ಬೇಡಿಕೆ ಒಂದೇ: ಮರಣಪತ್ರದಲ್ಲಿ ಸಂಗಾತಿಯ ಹೆಸರು ಬರಬೇಕು. ಕೆಳ ನ್ಯಾಯಾಲಯದ ನ್ಯಾಯಾಧೀಶರು ಎತ್ತಿದ ಪ್ರಶ್ನೆ ನಮಗೆ ಬಹಳ ಹಿಡಿಸುತ್ತದೆ. ಓಹಿಯೋ ತನ್ನ ನೆಲದಲ್ಲಿ ಅತ್ತೆ-ಮಾವ, ಚಿಕ್ಕಪ್ಪ-ದೊಡ್ಡಪ್ಪಂದಿರ ಮಕ್ಕಳ ನಡುವೆ ಮದುವೆಗೆ ಅವಕಾಶ ಕೊಡುವುದಿಲ್ಲ. ಆದರೆ ಬೇರೆಡೆ ನಡೆದ ಅಂಥ ಮದುವೆಯನ್ನು ಒಪ್ಪುತ್ತದೆ. ಹಾಗಿದ್ದ ಮೇಲೆ ಈ ಮದುವೆಯೊಂದನ್ನೇ ಹೊರಗಿಡುವುದೇಕೆ? ಓಬರ್ಗೆಫೆಲ್ ಎಂದು ಹೆಸರಾದ ಈ ಮೊಕದ್ದಮೆ ಸುಪ್ರೀಂ ಕೋರ್ಟು ಮುಟ್ಟಿ, 2015ರ ಜೂನ್ 26ರಂದು ಐದು-ನಾಲ್ಕರ ಬಹುಮತದಿಂದ ತೀರ್ಮಾನವಾಯಿತು. ಎಲ್ಲ ರಾಜ್ಯಗಳೂ ಇಂಥ ಮದುವೆ ಮಾಡಿಸಬೇಕು, ಬೇರೆಡೆ ನಡೆದುದನ್ನೂ ಒಪ್ಪಬೇಕು. 1996ರ ಕಾಯಿದೆಯನ್ನು 2022ರಲ್ಲಿ ಸಂಸತ್ತೇ ತೆಗೆದುಹಾಕಿತು.

ಭಾರತದಲ್ಲಿ ರಾಜ್ಯದ ಗಡಿ ಈ ವಿಷಯಕ್ಕೆ ಅಡ್ಡಬರುವುದಿಲ್ಲ. ಅಡ್ಡಬರುವುದು ದೇಶದ ಗಡಿ. ಅಮೆರಿಕದಲ್ಲಿ ಮದುವೆಯಾದ ಭಾರತೀಯ ಪುರುಷರಿಬ್ಬರು 1969ರ ವಿದೇಶೀ ವಿವಾಹ ಕಾಯಿದೆಯಡಿ ನೋಂದಣಿ ಕೇಳಿದಾಗ ನ್ಯೂಯಾರ್ಕಿನ ಭಾರತೀಯ ದೂತಾವಾಸ ಒಪ್ಪಲಿಲ್ಲ. ಅವರ ಅರ್ಜಿ ದೆಹಲಿ ಹೈಕೋರ್ಟಿನಿಂದ ಸುಪ್ರೀಂ ಕೋರ್ಟಿಗೆ ವರ್ಗವಾಗಿ, ಹೈದರಾಬಾದಿನ ಜೋಡಿಯೊಂದು ಮೊದಲ ಅರ್ಜಿದಾರರಾಗಿದ್ದ ಸುಪ್ರಿಯೊ ಮೊಕದ್ದಮೆಯೊಂದಿಗೆ ಸೇರಿತು. 2023ರ ಅಕ್ಟೋಬರ್ 17ರಂದು ಐವರು ನ್ಯಾಯಮೂರ್ತಿಗಳೂ, ಮದುವೆಯಾಗುವುದು ಮೂಲಭೂತ ಹಕ್ಕಲ್ಲ, ವಿಶೇಷ ವಿವಾಹ ಕಾಯಿದೆಯನ್ನು ನ್ಯಾಯಾಲಯ ತಿದ್ದಿ ಓದಲಾಗದು ಎಂದರು. ಮದುವೆಯಲ್ಲದಿದ್ದರೂ ಕೂಡುಬಾಳಿಗೆ ಮಾನ್ಯತೆ ಬೇಕೆಂದ ಚಂದ್ರಚೂಡ್ ಮತ್ತು ಕೌಲ್ ಅಲ್ಪಮತದಲ್ಲಿ ಉಳಿದರು. ಬಹುಮತದ ಮುಖ್ಯ ತೀರ್ಪು ಬರೆದವರು ಮೈಸೂರಿನಲ್ಲಿ ಹುಟ್ಟಿದ ರವೀಂದ್ರ ಭಟ್. ಅವರೊಡನೆ ನಿಂತವರಲ್ಲಿ ಹಿಮಾ ಕೊಹ್ಲಿ ಹಿಂದೆ ತೆಲಂಗಾಣದ ಮುಖ್ಯ ನ್ಯಾಯಮೂರ್ತಿಗಳಾಗಿದ್ದವರು. ಅದೇ ತೀರ್ಪು, ಗಂಡು-ಹೆಣ್ಣಿನ ನಡುವಣ ಮದುವೆಯಲ್ಲಿ ಒಬ್ಬರು ತೃತೀಯಲಿಂಗಿಯಾದರೂ ಈಗಿನ ಕಾಯಿದೆಯಲ್ಲೇ ಅದು ಸಲ್ಲುತ್ತದೆಂದಿತು. 2019ರಲ್ಲಿ ಮದ್ರಾಸ್ ಹೈಕೋರ್ಟಿನ ಮಧುರೈ ಪೀಠ ಕೊಟ್ಟಿದ್ದ ಮಾನ್ಯತೆ ಹೀಗೆ ಗಟ್ಟುವಿಗೂ ರಾಯಚೂರಿಗೂ ಬಂತು.

ಕಾನೂನು ಮಾಡುವುದು ಸಂಸತ್ತಿನ ಕೆಲಸವೆಂಬ ಮಾತನ್ನು ನಾವು ಅಲ್ಲಗಳೆಯುವುದಿಲ್ಲ. ಆದರೆ ಹೊಸ ಮದುವೆ ಮಾಡಿಸುವುದು ಒಂದು, ಬೇರೆ ನೆಲದಲ್ಲಿ ವಿಧಿವತ್ತಾಗಿ ಆಗಿಹೋದುದನ್ನು ಗುರುತಿಸುವುದು ಇನ್ನೊಂದು. ಈ ಎರಡನೆಯ ಪ್ರಶ್ನೆಗೆ ತೀರ್ಪಿನಲ್ಲಿ ಸಿಗಬೇಕಾದಷ್ಟು ಜಾಗ ಸಿಗಲಿಲ್ಲವೆಂದೇ ನಮ್ಮ ಅಭಿಪ್ರಾಯ. ವಿಜಾಪುರದಲ್ಲಿ ಮೊದಲ ಹೆಂಡತಿ ಇದ್ದಳು. ಇಲ್ಲಿ ನಿರಾಕರಣೆಯಿಂದ ರಕ್ಷಣೆ ಪಡೆಯುವವರು ಯಾರೆಂದು ನಮಗೆ ಕಾಣುವುದಿಲ್ಲ. ಮರುಪರಿಶೀಲನೆಯ ಅರ್ಜಿಗಳು 2025ರ ಜನವರಿಯಲ್ಲಿ ವಜಾ ಆದವು. ಈ ನಡುವೆ 2024ರಲ್ಲಿ ಕೇಂದ್ರ ಸರ್ಕಾರ, ಇಂಥ ಜೋಡಿಗಳು ಜಂಟಿ ಬ್ಯಾಂಕ್ ಖಾತೆ ತೆರೆಯಬಹುದು, ಪಡಿತರ ಚೀಟಿಗೆ ಅವರನ್ನು ಒಂದೇ ಮನೆಯವರೆಂದು ಎಣಿಸಬೇಕು ಎಂದು ಸ್ಪಷ್ಟಪಡಿಸಿತು. ಗಂಡ ಅಥವಾ ಹೆಂಡತಿ ಎಂದು ಕೇಳುವ ಕಲಮುಗಳಲ್ಲಿ ಮಾತ್ರ ಅವರ ಹೆಸರಿಗೆ ಇನ್ನೂ ಜಾಗವಿಲ್ಲ.