ಎತ್ತಿಕೊಳ್ಳುವ ಕೈ: ಎಬೋಲಾ ಪಿಡುಗು, ಮಕ್ಕಳು ಮತ್ತು ಅಂತರರಾಷ್ಟ್ರೀಯ ಸಹಕಾರ

2013ರ ಡಿಸೆಂಬರಿನಲ್ಲಿ ಗಿನಿ ದೇಶದ ಮೆಲಿಯಾಂಡು ಎಂಬ ಹಳ್ಳಿಯಲ್ಲಿ ಎಳೆಯ ಗಂಡುಮಗುವೊಂದು ಕಾಯಿಲೆ ಬಿದ್ದು ತೀರಿಕೊಂಡಿತು. ಪಶ್ಚಿಮ ಆಫ್ರಿಕದ ಎಬೋಲಾ ಪಿಡುಗಿನ ಮೊದಲ ಪ್ರಕರಣವೆಂದು ತಜ್ಞರು ಗುರುತಿಸುವುದು ಈ ಮಗುವನ್ನೇ. ವಿಶ್ವ ಆರೋಗ್ಯ ಸಂಸ್ಥೆ ಜಾಗತಿಕ ತುರ್ತುಸ್ಥಿತಿ ಸಾರಿದ್ದು 2014ರ ಆಗಸ್ಟ್ 8ರಂದು. ಸೆಪ್ಟೆಂಬರ್ 18ರಂದು ಪಿಡುಗಿನ ಕುರಿತು ವಿಶ್ವಸಂಸ್ಥೆಯ ಭದ್ರತಾ ಮಂಡಳಿಯ 2177ನೇ ನಿರ್ಣಯ ಬಂತು. ಅಕ್ಟೋಬರ್ ಮೊದಲ ವಾರ ಕ್ಯೂಬಾದ 165 ಆರೋಗ್ಯ ಸಿಬ್ಬಂದಿ ಸಿಯೆರಾ ಲಿಯೋನಿಗೆ ಬಂದಿಳಿದರು. ಪಿಡುಗು ತಣ್ಣಗಾಗುವಷ್ಟರಲ್ಲಿ 28,600ಕ್ಕೂ ಹೆಚ್ಚು ಮಂದಿಗೆ ರೋಗ ತಗಲಿ, 11,300ಕ್ಕೂ ಹೆಚ್ಚು ಮಂದಿ ಸತ್ತಿದ್ದರು. ಈ ಸಹಕಾರದ ಚರಿತ್ರೆಯನ್ನು ಹಾಸಿಗೆ, ಪ್ರಯೋಗಾಲಯ, ವಿಮಾನಗಳ ಲೆಕ್ಕದಲ್ಲಿ ಬರೆಯುವುದು ರೂಢಿ. ಮಕ್ಕಳ ಕಡೆಯಿಂದ ನೋಡಿದರೆ ಮೊದಲು ಕೇಳಬೇಕಾದದ್ದು ಬೇರೆ: ಮಗುವನ್ನು ಎತ್ತಿಕೊಂಡವರು ಯಾರು?

ಎಬೋಲಾ ರೋಗಿಯ ಮೈಯ ದ್ರವಗಳ ಸಂಪರ್ಕದಿಂದ ಹರಡುತ್ತದೆ. ತಾಯಿ ಚಿಕಿತ್ಸಾ ಕೇಂದ್ರ ಸೇರಿದರೆ ಅವಳ ಮಗ್ಗುಲಲ್ಲಿ ಮಲಗಿದ್ದ ಕೂಸನ್ನು 21 ದಿನ ನಿಗಾದಲ್ಲಿ ಇಡಬೇಕು. ಅಳುವ ಆ ಕೂಸಿನ ಬಳಿಗೆ ಬರುವವರು ಅಡಿಯಿಂದ ಮುಡಿಯವರೆಗೆ ಮುಚ್ಚಿಕೊಂಡವರು. ದಪ್ಪ ಕನ್ನಡಕದ ಹಿಂದೆ ಕಣ್ಣು ಕಂಡರೆ ಕಂಡಿತು. 2015ರಲ್ಲಿ ಅಮೆರಿಕದ ಕಲಾವಿದೆ ಮೇರಿ ಬೆತ್ ಹೆಫರ್ನನ್ ಲೈಬೀರಿಯಾಕ್ಕೆ ಹೋಗಿ, ಸಿಬ್ಬಂದಿಯ ನಗುಮುಖದ ಫೋಟೊಗಳನ್ನು ಸ್ಟಿಕ್ಕರುಗಳಾಗಿ ಅಚ್ಚುಹಾಕಿಸಿ ರಕ್ಷಾ ಉಡುಪಿನ ಮೇಲೆ ಅಂಟಿಸುವ ಏರ್ಪಾಡು ಮಾಡಿದರು. ಕೋಟಿಗಟ್ಟಲೆ ಡಾಲರುಗಳ ವ್ಯವಹಾರದಲ್ಲಿ ಇದಕ್ಕಿಂತ ಅಗ್ಗದ ಉಪಾಯ ಇರಲಾರದು.

ಇನ್ನೂ ಗಟ್ಟಿಯಾದ ಉತ್ತರ ಕೊಟ್ಟವರು ರೋಗ ಗೆದ್ದು ಬಂದವರು. ಅವರ ಮೈಯಲ್ಲಿ ರೋಗನಿರೋಧಕ ಶಕ್ತಿ ಉಳಿದಿರುವುದರಿಂದ ಸೋಂಕಿನ ಶಂಕೆಯಿರುವ ಮಗುವನ್ನು ಅವರು ಎದೆಗವಚಿಕೊಳ್ಳಬಹುದು. ಪಶ್ಚಿಮ ಆಫ್ರಿಕದ ನಿಗಾ ಕೇಂದ್ರಗಳಲ್ಲಿ ಮೊಳೆತ ಈ ಕ್ರಮ 2018ರಲ್ಲಿ ಮತ್ತೆ ಎಬೋಲಾ ಕಾಣಿಸಿಕೊಂಡ ಕಾಂಗೋದ ಬೇನಿ ಪಟ್ಟಣದಲ್ಲಿ ಪೂರ್ಣ ರೂಪ ಪಡೆಯಿತು. ಚಿಕಿತ್ಸಾ ಕೇಂದ್ರದ ಪಕ್ಕದಲ್ಲೇ ಯುನಿಸೆಫ್ ನೆರವಿನ ಶಿಶುಪಾಲನಾ ಕೇಂದ್ರ. ನಮ್ಮ ಪಂಚಾಯಿತಿಗಳಲ್ಲಿ ಈಗ ‘ಕೂಸಿನ ಮನೆ’ ಎನ್ನುತ್ತಾರಲ್ಲ, ಅಂಥದ್ದು. ಹಾಲು ಕುಡಿಸಿ, ಜೋಗುಳ ಹಾಡಿ, ಮಲಗಿಸುತ್ತಿದ್ದವರು ಅದೇ ಊರಿನ ಚೇತರಿಸಿಕೊಂಡ ಹೆಂಗಸರು. ರೋಗಿಗಳಿಗೆ ‘ಅಲಿಮಾ’ ಎಂಬ ವೈದ್ಯಕೀಯ ನೆರವಿನ ಸಂಸ್ಥೆ ಪಾರದರ್ಶಕ ಗೋಡೆಯ ಕೋಣೆಗಳನ್ನು ತಂದಿತ್ತು. ಮನೆಯವರು ಆಚೆ ನಿಂತು ಮುಖ ನೋಡಬಹುದಿತ್ತು. ಹೊರಗಿನ ಹಣವೂ ತಾಂತ್ರಿಕ ತಿಳಿವಳಿಕೆಯೂ ಇಲ್ಲಿ ಊರಿನ ಕೈಗಳಿಗೆ ಆಸರೆಯಾದವು. ಸಹಕಾರ ಎಂಬ ಮಾತು ಒಪ್ಪುವುದು ಇಂಥ ಕಡೆ ಎಂಬುದು ನನ್ನ ಎಣಿಕೆ.

ಅನಾಥರ ವಿಷಯದಲ್ಲೂ ಹಾಗೆಯೇ. 2015ರ ಫೆಬ್ರವರಿಯಲ್ಲಿ ಯುನಿಸೆಫ್ ಕೊಟ್ಟ ಲೆಕ್ಕದಂತೆ ಗಿನಿ, ಲೈಬೀರಿಯಾ, ಸಿಯೆರಾ ಲಿಯೋನ್ ಈ ಮೂರು ದೇಶಗಳಲ್ಲಿ ತಂದೆ, ತಾಯಿ ಅಥವಾ ಪೋಷಕರನ್ನು ಕಳೆದುಕೊಂಡವರೆಂದು ನೋಂದಾಯಿತರಾದ ಮಕ್ಕಳು ಸುಮಾರು 16,600. ಬಂಧುಗಳ ಮತ್ತು ಊರವರ ಆಶ್ರಯ ಸಿಗದೆ ಬೇರೆಡೆ ಇರಿಸಬೇಕಾದವರು ಶೇ. 3ಕ್ಕಿಂತ ಕಡಿಮೆ. ಮೊದಮೊದಲು ಭಯದಿಂದ ದೂರವಿಟ್ಟ ನೆಂಟರೇ ಆಮೇಲೆ ಕರೆದುಕೊಂಡರು. ನಗದು, ಬಟ್ಟೆಬರೆ, ಸಾಂತ್ವನದ ನೆರವನ್ನು ಇಂಥ ಮನೆಗಳಿಗೇ ತಲುಪಿಸಿದ್ದು ವಿವೇಕದ ಕೆಲಸ. ಅನಾಥಾಲಯ ಕಟ್ಟುವ ಉತ್ಸಾಹ ತೋರಿದ್ದರೆ ಮಕ್ಕಳು ಎರಡನೆಯ ಸಲ ಮನೆ ಕಳೆದುಕೊಳ್ಳುತ್ತಿದ್ದರು.

ಸೋತ ಕಡೆಯನ್ನೂ ಹೇಳಬೇಕು. ಸಿಯೆರಾ ಲಿಯೋನಿನ ಶಾಲೆಗಳು ಮುಚ್ಚಿದ್ದಾಗ ರೇಡಿಯೊ ಪಾಠಗಳು ನಡೆದವು. 2015ರ ಏಪ್ರಿಲ್ 14ರಂದು ಬಾಗಿಲು ತೆರೆಯಿತು. ಆದರೆ ಆ ತಿಂಗಳುಗಳಲ್ಲಿ ಬಸುರಾದ ಹುಡುಗಿಯರಿಗೆ ಸರ್ಕಾರ ತರಗತಿಯನ್ನು ನಿಷೇಧಿಸಿತು. ಅವರಿಗೆಂದು ದಾನಿ ದೇಶಗಳ ಹಣದಲ್ಲಿ ಬೇರೆ ಕಲಿಕಾ ಕೇಂದ್ರಗಳು ನಡೆದವು. ನೆರವೇ ಬಹಿಷ್ಕಾರಕ್ಕೆ ಚಪ್ಪರ ಹಾಕಿಕೊಟ್ಟಂತಾಯಿತು. ಕೊನೆಗೆ ಅಲ್ಲಿನ ಮಹಿಳಾ ಸಂಘಟನೆಯೊಂದು ಹೊರದೇಶದ ಹಕ್ಕುಗಳ ಸಂಸ್ಥೆಗಳ ಜೊತೆಗೂಡಿ ಪಶ್ಚಿಮ ಆಫ್ರಿಕ ರಾಷ್ಟ್ರಗಳ ಒಕ್ಕೂಟದ ನ್ಯಾಯಾಲಯಕ್ಕೆ ಹೋಯಿತು. 2019ರ ಡಿಸೆಂಬರ್ 12ರಂದು ತೀರ್ಪು ಹುಡುಗಿಯರ ಪರವಾಗಿ ಬಂತು. ಸರ್ಕಾರ ನಿಷೇಧ ತೆಗೆದದ್ದು 2020ರ ಮಾರ್ಚ್ 30ರಂದು. ಮರುದಿನವೇ ಆ ದೇಶದಲ್ಲಿ ಕೋವಿಡ್‌ನ ಮೊದಲ ಪ್ರಕರಣ ದೃಢಪಟ್ಟಿತು.