ತೋಟದಪ್ಪನವರ ವಿದ್ಯಾರ್ಥಿನಿಲಯ

ದಾಸೋಹವೆಂದೊಡನೆ ಮಠದ ಪಂಕ್ತಿಯೇ ಕಣ್ಣ ಮುಂದೆ ಬರುವುದು ಸಹಜ. ಆದರೆ ಸಿದ್ಧಗಂಗೆಯ ಶ್ರೀ ಶಿವಕುಮಾರ ಮಹಾಸ್ವಾಮಿಗಳು ತಮ್ಮ ವಿದ್ಯಾರ್ಥಿದೆಸೆಯಲ್ಲಿ ಆಶ್ರಯ ಪಡೆದದ್ದು ಒಬ್ಬ ವರ್ತಕರ ನಿಲಯದಲ್ಲಿ.

ಗುಬ್ಬಿ ತೋಟದಪ್ಪನವರು (1838–1910) ಬೆಂಗಳೂರಿನಲ್ಲಿ ವ್ಯಾಪಾರದ ಕಾಯಕ ಮಾಡಿ ಗಳಿಸಿದ್ದನ್ನು ಧರ್ಮಕ್ಕೆ ಸಮರ್ಪಿಸಿದರು. 1897ರಲ್ಲಿ ರೈಲು ನಿಲ್ದಾಣದ ಸಮೀಪ ಜಾಗವನ್ನು ಕೊಂಡು ಕಟ್ಟಿಸಿದ ಛತ್ರವನ್ನು 1903ರಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರು ಉದ್ಘಾಟಿಸಿದರು. ಯಾತ್ರಿಕರಿಗೆ ತಂಗುದಾಣ, ಹಳ್ಳಿಗಳಿಂದ ಓದಲು ಬಂದ ಲಿಂಗಾಯತ ಮಕ್ಕಳಿಗೆ ಉಚಿತ ವಿದ್ಯಾರ್ಥಿನಿಲಯ. ಆ ಕಾಲದಲ್ಲಿ ಕಾಲೇಜಿನ ಶುಲ್ಕಕ್ಕಿಂತಲೂ ಪಟ್ಟಣದ ಊಟ-ವಸತಿಯ ಖರ್ಚೇ ಬಡ ರೈತನ ಮಗನನ್ನು ಹಿಂದಕ್ಕೆ ತಳ್ಳುತ್ತಿತ್ತು.

ಮಾಗಡಿ ಸೀಮೆಯ ವೀರಾಪುರದ ಶಿವಣ್ಣ 1927ರಲ್ಲಿ ಸೆಂಟ್ರಲ್ ಕಾಲೇಜು ಸೇರಿ ಇಲ್ಲಿಯೇ ತಂಗಿದರು. 1930ರಲ್ಲಿ ವಿರಕ್ತಾಶ್ರಮ ಸ್ವೀಕರಿಸಿ ಶಿವಕುಮಾರ ಸ್ವಾಮಿಗಳಾದರು. ತೋಟದಪ್ಪನವರ ನಿಲಯ ಸಮಾಜದ ಮಕ್ಕಳಿಗೆ ಮೀಸಲಾಗಿತ್ತು. ಅಂದಿನ ಮಟ್ಟಿಗೆ ಅದೇ ದೊಡ್ಡದು. ಅಲ್ಲಿದ್ದು ಓದಿದವರು ಸಿದ್ಧಗಂಗೆಯಲ್ಲಿ ಆ ಎಲ್ಲೆಯನ್ನೂ ಅಳಿಸಿದರು. 2019ರಲ್ಲಿ ಪೂಜ್ಯರು ಲಿಂಗೈಕ್ಯರಾದಾಗ, ಜಾತಿ-ಮತಗಳ ಭೇದವಿಲ್ಲದೆ ಸಾವಿರಾರು ಮಕ್ಕಳು ಅಲ್ಲಿ ಉಂಡು ಓದುತ್ತಿದ್ದರು.